ಗಂಟೆ ಕದ್ದವನ ಮನೆಯ ಪ್ರಾರ್ಥನೆ

ಅಮರಮ್ಮ ಸುಳ್ಳು ಹೇಳುವವಳಲ್ಲ. ಮಾನ್ವಿಯ ಸಣ್ಣ ಕ್ರೈಸ್ತ ಸಭೆಯಲ್ಲಿ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತಿದ್ದ ವಿಧವೆ. ಪಾದ್ರಿಗಳ ಮಾತಿಗೆ ಮೂಗು ಮುರಿಯುವವರೂ ಅವಳ ಮಾತನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಆ ನಂಬಿಕೆಯೇ ಅವಳಿಗೆ ಮುಳುವಾಯಿತು.

ಹುಲಿಗೆಪ್ಪನ ಹೆಸರೆತ್ತಿದರೆ ಸಭೆಯವರಿಗೆ ಮೈ ಉರಿಯುತ್ತಿತ್ತು. ಕುಡಿಯಲೆಂದು ಮನೆಯ ಪಾತ್ರೆ ಮಾರಿದ, ಹೆಂಡತಿಯ ಕಾಲುಂಗುರ ಮಾರಿದ. ಅವಳು ಜಾಲಹಳ್ಳಿಯ ತವರಿಗೆ ಹೋದ ಮೇಲೆ, ಚರ್ಚಿನ ಗಂಟೆಯನ್ನೇ ಬಿಚ್ಚಿ ರಾಯಚೂರಿನ ಗುಜರಿಗೆ ಹಾಕಿ ಜೈಲು ಸೇರಿದ. ಅಂದಿನಿಂದ ಭಾನುವಾರ ಗಂಟೆಯ ಬದಲು ರೈಲು ಹಳಿಯ ತುಂಡೊಂದನ್ನು ಬಡಿಯುತ್ತಿದ್ದರು. ಬಡಿದಾಗಲೆಲ್ಲ ಯಾರಾದರೂ ಅವನಿಗೆ ಶಾಪ ಹಾಕಿ, ಒಳಗೆ ಹೋಗಿ ಕ್ಷಮೆಯ ಹಾಡು ಹಾಡುತ್ತಿದ್ದರು. ಅಮರಮ್ಮ ಮಾತ್ರ, "ಹುಲಿಗೆಪ್ಪನ್ನ ತಿರುಗಿ ಕರ್ಕೊಂಡು ಬಾ ಸ್ವಾಮಿ" ಎಂದು ಬೇಡುತ್ತಿದ್ದಳು. ಬಂದರೆ ಏನು ಮಾಡಬೇಕೆಂದು ಅವಳೂ ಯೋಚಿಸಿರಲಿಲ್ಲ.

೧೯೭೯ರ ಬೇಸಿಗೆಯಲ್ಲಿ ಅವನು ಬಂದೇಬಿಟ್ಟ. ಭಾನುವಾರ ಪಾದ್ರಿಗಳು ಈ ವಾರದ ಮನೆಪ್ರಾರ್ಥನೆ ಯಾರ ಮನೆಯಲ್ಲೆಂದು ಕೇಳಿದಾಗ ಹಿಂದಿನಿಂದ ಎದ್ದು ನಿಂತ.

"ಬುಧವಾರ ನಮ್ಮನಿಗೆ ಬರ್ರಿ. ಕುಡಿಯಾದು ಬಿಟ್ಟೀನ್ರಿ."

ಎಲ್ಲರೂ ನೆಲ ನೋಡಿದರು. ಕೊನೆಗೆ ಅಮರಮ್ಮನೇ, "ಬರ್ತೀವಪಾ" ಎಂದಳು.

ಹೊರಗೆ ಬಂದ ಕೂಡಲೇ ನೆರೆಮನೆಯ ಗದ್ದೆಮ್ಮ ಸಿಡುಕಿದಳು. "ನೀ ಬೇಕಾದ್ರ ಹೋಗು. ನಾಳಿ ನಿನ್ನ ಕೊಡ ಕಾಣಲಿಲ್ಲಂದ್ರ ನಮ್ಮ ಮುಂದ ಅಳಬ್ಯಾಡ."

ಬುಧವಾರ ಸಂಜೆ ಅಮರಮ್ಮ ಒಬ್ಬಳೇ ಹೊರಟಳು. ಹೊರಡುವ ಮುನ್ನ ಗೋಡೆಯ ಮೇಲೆ ಒಣಗಲು ಹಾಕಿದ್ದ, ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಒಳಗಿಟ್ಟು ಬೀಗ ಹಾಕಿದಳು, ಎಂದೂ ಹಾಕಿದವಳಲ್ಲ. ಹುಲಿಗೆಪ್ಪನ ಓಣಿಯ ತಿರುವಿನಲ್ಲಿ ಅವಳ ಕಾಲುಗಳು ನಿಂತವು. ಅವನ ಬಾಗಿಲು ತೆರೆದಿತ್ತು. ಗೋಡೆಗೆ ಸುಣ್ಣ ಬಳಿದಿದ್ದ. ಬಾಡಿಗೆ ಸಾಮಾನಿನ ಪೀರಾ ಸಾಬ್ ಮದುವೆಗಳಿಗೆ ಕೊಡುವ ಉದ್ದನೆಯ ಜಮಖಾನೆ ತಂದು ಹಾಸಿ, ಅದರ ಒಂದು ಮೂಲೆಯಲ್ಲಿ ತಾನೊಬ್ಬನೇ ಕೈಕಟ್ಟಿ ಕೂತಿದ್ದ. ಒಬ್ಬಳೇ ಒಳಗೆ ಹೋದರೆ ಮಂದಿ ಏನಂದಾರು? ಅವಳು ಬಂದ ದಾರಿಯಲ್ಲೇ ತಿರುಗಿದಳು.

ಮರುದಿನ ಅವನು ನೀರಿನ ನಲ್ಲಿಯ ಹತ್ತಿರ ಎದುರಾದ. ಕೇಳುವ ಮೊದಲೇ ಅವಳ ಬಾಯಿಂದ ಬಂತು: "ಜ್ವರ ಬಂದಿತ್ತಪಾ."

"ಹೌದೇನ್ರಿ ಯವ್ವಾ?" ಅವನ ಮುಖ ಬಾಡಿತು. "ಆರಾಮ್ ಮಾಡ್ರಿ, ಆರಾಮ್ ಮಾಡ್ರಿ" ಎಂದು ಅವಳ ಕೊಡ ತಾನೇ ಹೊತ್ತು ಬಾಗಿಲ ತನಕ ತಂದಿಟ್ಟು ಹೋದ. ಅಮರಮ್ಮನಿಗೆ ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ಹುಲಿಗೆಪ್ಪ ಎದ್ದ.

"ಅಮರವ್ವಗ ಜ್ವರ ಬಂದಿತ್ರಿ. ನಾ ದೇವರಿಗೆ ಬೇಡ್ಕೊಂಡೆ. ನನ್ನಂಥಾವನ ಮಾತು ಯಾರು ಕೇಳ್ತಾರ ಅಂತ ಇಷ್ಟು ದಿನ ಬೇಡ್ಕೊಂಡೇ ಇದ್ದಿಲ್ಲ. ನೋಡ್ರಿ, ಎದ್ದು ಬಂದು ಕುಂತಾರ. ನನ್ನ ಮಾತೂ ಕೇಳ್ತಾನ್ರಿ ದೇವರು!"

"ಸ್ತೋತ್ರ!" ಎಂದಿತು ಸಭೆ. ಗದ್ದೆಮ್ಮ ಮಾತ್ರ ಅಮರಮ್ಮನತ್ತ ತಿರುಗಿ ನೋಡಿದಳು.

ಅಮರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಅವನ ವಿಶ್ವಾಸ ತನ್ನ ಸುಳ್ಳಿನ ಮೇಲೆ ನಿಲ್ಲುತ್ತದೆ. ನಿಜ ಹೇಳಿದರೆ ಅದು ಬಿದ್ದೇ ಹೋಗಬಹುದು. ಅವಳು ಸೆರಗು ಬಿಗಿಹಿಡಿದು ಎದ್ದಳು.

"ನನಗ ಜ್ವರ ಬಂದಿದ್ದಿಲ್ಲಪಾ. ನಿನ್ನ ಓಣಿ ತನಕ ಬಂದಿದ್ದೆ. ನೀ ಒಬ್ಬನ ಕುಂತಿದ್ದು ನೋಡಿದೆ. ಮಂದಿಗೆ ಅಂಜಿ ತಿರುಗಿ ಹೋದೆ."

ಹುಲಿಗೆಪ್ಪ ಅವಳತ್ತ ತಿರುಗಿದ. "ಹಂಗಾದ್ರ ನಾ ಬೇಡ್ಕೊಂಡಿದ್ದು ಯಾರೂ ಕೇಳಲಿಲ್ಲೇನ್ರಿ?"

ಪಾದ್ರಿಗಳು ಬೈಬಲ್ ತೆರೆದರು, ಮತ್ತೆ ಮುಚ್ಚಿದರು.

"ನನಗ ಗೊತ್ತಿಲ್ಲಪಾ," ಎಂದಳು ಅಮರಮ್ಮ. "ದೇವರು ಕೇಳಿದ್ದಕ್ಕನ ನಾ ಈಗ ಎದ್ದು ನಿಂತೀನೇನೋ. ಈ ಬುಧವಾರ ಕರದ್ರ ಬರ್ತೀನಿ."

"ಜಮಖಾನಿ ವಾಪಸ್ ಕೊಟ್ಟೀನ್ರಿ. ಮತ್ತ ಕೇಳಾಕ ಮುಖ ಇಲ್ಲ."

ಅಮರಮ್ಮ ಸೊಂಟದಿಂದ ಮನೆಯ ಕೀಲಿಕೈ ತೆಗೆದಳು. "ಬುಧವಾರ ಹಾಸಾಕ ಒಳಗ ನನ್ನ ಕೌದಿ ಅದ. ನೀನ ಹೋಗಿ ಬಾಗಿಲ ತಗದು ತಗೊಂಡು ಬಾ."

ಸಭೆಯಲ್ಲಿ ಗುಸುಗುಸು ಎದ್ದಿತು. ಅವಳು ಕೈ ಚಾಚಿಯೇ ನಿಂತಳು. ಹುಲಿಗೆಪ್ಪ ಕೀಲಿಕೈ ಮುಟ್ಟಲಿಲ್ಲ.

"ನಾ ಒಬ್ಬನ ನಿಮ್ಮನಿ ಬಾಗಿಲ ತಗದ್ರ ಮಂದಿ ಏನಂತಾರ್ರಿ," ಎಂದ ಮೆಲ್ಲಗೆ. "ನೀವೂ ಬರ್ರಿ ಯವ್ವಾ."

ಅವನ ಮುಖ ನೋಡಲಾಗದೆ, ಅಮರಮ್ಮ ಅವನ ಹಿಂದೆಯೇ ಹೊರಟಳು.