ಏಳನೆಯ ವಾರದ ಮುಖ

ಬಸಿರೊಳಗಿನ ಕೂಸಿನ ಪಟದಲ್ಲಿ ಮುಖವೇ ಇಲ್ಲ, ಹುರುಳಿಕಾಳಿನಷ್ಟು ಒಂದು ಮುದ್ದೆ ಬೆನ್ನು ಬಗ್ಗಿಸಿಕೊಂಡು ಕೂತಿದೆ, ಪಕ್ಕದಲ್ಲಿ ಇನ್ನೊಂದು, ಅದಕ್ಕೂ ಇಲ್ಲ, ಮೂರನೆಯದಕ್ಕೆ ಕಣ್ಣು ಬಂದಿವೆ, ಆದರೆ ಮೀನಿಗಿರುವ ಹಾಗೆ ಅತ್ತ ಒಂದು ಇತ್ತ ಒಂದು — ಆಸ್ಪತ್ರೆಯ ಗೋಡೆ, ಫಿನಾಯಿಲಿನ ವಾಸನೆ, ಬೆಂಚಿನ ಆ ತುದಿಯಲ್ಲಿ ಸೊಸೆ ಚಿಕ್ಕತಾಯಿ, ಒಳಗೆ ಮೊಮ್ಮಗಳು ಸ್ನೇಹ, ಹದಿಮೂರು ತಿಂಗಳ ಕೂಸು, ಹುಟ್ಟಿನಿಂದಲೇ ಸೀಳಿದ್ದ ಅಂಗುಳ ಹೊಲಿಯುತ್ತಿದ್ದಾರೆ, ಒಂಬತ್ತಕ್ಕೆ ಕರೆದುಕೊಂಡು ಹೋದರು, ಈಗ ಹನ್ನೊಂದು. ತುಟಿ ಹೊಲಿದಾಗಲೂ ಇದೇ ಬೆಂಚು, ಇದೇ ಪಟ, ಅವತ್ತು ಚಿಕ್ಕತಾಯಿ ಮಗುವಿನ ಹತ್ತಿರ ಒಳಗಿದ್ದಳು, ಡಾಕ್ಟರ್ ಸಮ್ರೀನ್ ಪೆನ್ನಿನ ಹಿಂಬದಿಯಿಂದ ತೋರಿಸುತ್ತ ನನಗೊಬ್ಬನಿಗೇ ಹೇಳಿದರು, ಮೊದಲು ಬರೀ ಒಂದು ಹಳ್ಳ ಇರುತ್ತೆ ದ್ಯಾವಯ್ಯನೋರೆ, ಬಾಯಿ ಆಗೋ ಜಾಗ, ಸುತ್ತ ಐದು ಉಬ್ಬು, ಹಣೆ ಕಡೆಯಿಂದ ಒಂದು, ಕೆನ್ನೆ ಕಡೆಯಿಂದ ಎರಡು, ಕೆಳಗಿಂದ ಎರಡು, ಬೆಳೀತಾ ಬೆಳೀತಾ ಒಂದನ್ನೊಂದು ಹುಡುಕ್ಕೊಂಡು ಬರ್ತವೆ, ಮೂಗಿನ ಕೆಳಗೆ ಸಣ್ಣ ಕಾಲುವೆ ಇದೆಯಲ್ಲ, ಮುಟ್ಟಿ ನೋಡ್ಕೊಳ್ಳಿ, ಅದೇ ಕೂಡಿಕೊಂಡ ಗುರುತು. ಮುಟ್ಟಿ ನೋಡಿಕೊಂಡೆ, ಅರವತ್ತೆರಡು ವರ್ಷ ಮೀಸೆಯ ಕೆಳಗೆ ಇಂಥದೊಂದು ಗುರುತು ಹೊತ್ತುಕೊಂಡು ತಿರುಗಿದ್ದೆ, ಗೊತ್ತೇ ಇರಲಿಲ್ಲ. ತುಟಿ ಏಳನೇ ವಾರಕ್ಕೆ ಮುಗೀತು ಅಂದರು, ಅಂಗುಳ ಆಮೇಲೆ, ನಾಲಿಗೆಯ ಎರಡು ಪಕ್ಕ ಎರಡು ತಟ್ಟೆ ಕೆಳಮುಖವಾಗಿ ಜೋತಾಡ್ತಿರ್ತವೆ, ನಡುವೆ ನಾಲಿಗೆ ನಿಂತಿರುತ್ತೆ, ಅದು ಇಳೀಬೇಕು, ಇಳಿದ ಮೇಲೇ ಅವು ಎದ್ದು ಅಡ್ಡ ಮಲಗಿ ನಡುಮಧ್ಯೆ ಕೂಡೋದು, ಹನ್ನೆರಡು ವಾರದೊಳಗೆ ಎಲ್ಲ ಆಗಿಹೋಗುತ್ತೆ, ಕೆಲವಕ್ಕೆ ಕೂಡಲ್ಲ, ಯಾಕೆ ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ. ಗ್ರಾಣಕ್ಕೂ ಇದಕ್ಕೂ ಏನಾರ, ಎಂದು ನಾನು ಎಳೆದೆ. ಗ್ರಹಣ ಎಷ್ಟನೇ ತಿಂಗಳಲ್ಲಿ ಬಂತು? ಏಳ್ನೇದ್ರಲ್ಲಿ. ಅವರು ನಕ್ಕರು, ಅಷ್ಟೊತ್ತಿಗೆ ನಿಮ್ಮ ಮೊಮ್ಮಗಳ ತುಟಿ ಆಗಿ ನಾಲ್ಕು ತಿಂಗಳ ಮೇಲಾಗಿತ್ತು ಅಜ್ಜ, ಹೋಗಿ ಸೊಸೆಗೆ ಹೇಳಿ, ಪಾಪ, ಕುಗ್ಗಿಹೋಗಿದಾರೆ. ಯೋಳ್ತೀನಿ ಕಣವ್ವ ಅಂದೆ.

ಹೇಳಲಿಲ್ಲ, ಒಂಬತ್ತು ತಿಂಗಳಾಯಿತು, ಲೆಕ್ಕ ಮಾತ್ರ ಹಾಕಿದೆ, ಬೆರಳಿನ ಗೆಣ್ಣಿನ ಮೇಲೆ — ಏಳನೆಯ ವಾರವೆಂದರೆ ರೋಹಿಣಿ ಮಳೆ, ಆಗ ಅವಳು ಬಸುರಿ ಎಂಬುದೇ ಮನೆಗೆ ತಿಳಿದಿರಲಿಲ್ಲ, ಬಿಂಡಿಗನವಿಲೆಯಿಂದ ನಾಗಮಂಗಲದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿತ್ತನೆ ರಾಗಿ ತಂದಳು, ಆಗಲೇ ಒಳಗೆ ತುಟಿ ಕೂಡಬೇಕಿತ್ತು, ಆರಿದ್ರಾ ಮಳೆಗೆ ಅಂಗುಳ. ಗುಡಿಯಲ್ಲಿ ಶ್ರಾವಣದಲ್ಲಿ ಚಲುವಯ್ಯನವರು ಷಟ್ಪದಿ ಓದುವಾಗ ಪದವೊಂದು ಸಾಲಿನ ತುದಿಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ, ಉಳಿದರ್ಧ ಮುಂದಿನ ಸಾಲಿನಲ್ಲಿ ಬಂದು ಕೂಡಿಕೊಳ್ಳುತ್ತದೆ, ಅಲ್ಲಿಯವರೆಗೆ ಕೇಳುವವನು ಉಸಿರು ಹಿಡಿದಿರಬೇಕು, ನಡುವೆ ಬಾಯಿ ಹಾಕಬಾರದು, ಏಳು ವರ್ಷದವನಿದ್ದಾಗ ಅಪ್ಪ ಕಲಿಸಿದ್ದು, ಕೇಳೋನು ಕಲ್ಲಂಗೆ ಕೂತಿರ್ಬೇಕು ಕಣ್ಲಾ. ಕೂತೆ. ಗ್ರಹಣದ ದಿನ, ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಬಿಸಿಲು ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಒದ್ದೆ ಪಂಚೆಯಲ್ಲಿ ಜಗಲಿಯ ಮೇಲೆ ಜಪಕ್ಕೆ ಕೂತಿದ್ದೇನೆ, ಸೂರ್ಯ ಪೂರ್ತಿ ಬಿಡುವವರೆಗೆ ಏಳುವುದಿಲ್ಲ ಎಂದು ಸಂಕಲ್ಪ ಮಾಡಿದ್ದೇನೆ, ಚಿಕ್ಕತಾಯಿ ಒಳಗೆ ಕತ್ತಲಲ್ಲಿ ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದಾಳೆ, ಬಸುರಿ ಕೈಕಾಲು ಮಡಿಸಬಾರದು, ಏನನ್ನೂ ಕೊಯ್ಯಬಾರದು, ಕೊಯ್ದರೆ ಕೂಸಿನ ತುಟಿ ಸೀಳುತ್ತದೆ ಎನ್ನುತ್ತಾರೆ, ಅಂಗಳದಲ್ಲಿ ಕುರಿಮರಿ ಗೂಟಕ್ಕೆ ಸುತ್ತಿ ಸುತ್ತಿ ಹಗ್ಗ ಕುತ್ತಿಗೆಗೆ ಬಿಗಿದುಕೊಂಡು ಕಾಲು ಬಡಿಯುತ್ತಿದೆ, ಮಾವ, ಮರಿ ಒದ್ದಾಡ್ತದೆ, ಎಂದು ಒಳಗಿನಿಂದ ಕೂಗು, ನಾನು ಹತ್ತು ಹೆಜ್ಜೆ ದೂರ, ಬೆರಳು ಮಣಿಯ ಮೇಲೆ ಸರಿಯುತ್ತಿದೆ, ಮಾವ, ಎಂದು ಇನ್ನೊಂದು ಸಲ, ಆಮೇಲೆ ಹೊಟ್ಟೆ ಹಿಡಿದುಕೊಂಡು ಅವಳೇ ಓಡಿಬಂದು ಸೂರಿನಿಂದ ಕುಡುಗೋಲು ಎಳೆದು ಹಗ್ಗ ಕೊಯ್ದಳು, ನನ್ನನ್ನು ನೋಡಲಿಲ್ಲ, ಒಳಗೆ ಹೋಗಿ ಮತ್ತೆ ನೆಟ್ಟಗೆ ಮಲಗಿದಳು. ಕೂಸು ಹುಟ್ಟಿದಾಗ, ಒಳಲೆಯಲ್ಲಿ ಎರೆದ ಹಾಲು ಮೂಗಿನಲ್ಲಿ ಬಂದಾಗ, ನನ್ನ ಹೆಂಡತಿ ಕುಳ್ಳಮ್ಮ, ಗ್ರಾಣ್ದಲ್ಲಿ ಏನ್ ಕುಯ್ದ್ಯವ್ವ, ನಿಜ ಯೋಳು, ಎಂದಳು. ಸೊಸೆ ನನ್ನ ಕಡೆ ನೋಡಿದಳು. ಹಗ್ಗ ಕುಯ್ದ್ಲು, ನಾನೇ ಕಂಡೆ, ಅಂದೆ. ಸುಳ್ಳಲ್ಲ. ಅವಳು ಕರೆದಾಗ ನಾನು ಏಳಲಿಲ್ಲ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಅಂದಿನಿಂದ ಈಳಿಗೆಮಣೆಯ ಹತ್ತಿರ ಅವಳನ್ನು ಬಿಡುವುದಿಲ್ಲ ಕುಳ್ಳಮ್ಮ, ಒಂದ್ಸಲ ಕುಯ್ದಿದ್ದೇ ಸಾಕು ಕಣವ್ವ ತಾಯಿ, ಸೊಪ್ಪು ನಾನೇ ಎಚ್ಕತೀನಿ. ಪಕ್ಕದ ಮನೆ ಅಣ್ಣಮ್ಮ, ನಿನ್ ಸೊಸೆ ಪುಣ್ಯವಂತೆ ಬುಡಕ್ಕ, ಈರುಳ್ಳಿ ಎಚ್ಚಿ ಕಣ್ಣೀರ್ ಆಕೋ ಅಂಗಿಲ್ಲ, ಎಂದಾಗ ಬೀದಿಗೆ ಬೀದಿಯೇ ನಕ್ಕಿತು, ಚಿಕ್ಕತಾಯಿಯೂ ನಕ್ಕಳು, ಆ ನಗು —

ಬಾಗಿಲು ತೆರೆಯಿತು, ತಳ್ಳುಗಾಡಿಯಲ್ಲಿ ಸ್ನೇಹ, ಕಣ್ಣು ಮುಚ್ಚಿದೆ, ತುಟಿಯ ಮೇಲೆ ಹಳೆಯ ಹೊಲಿಗೆಯ ಬಿಳಿ ಗೆರೆ, ಚೆನ್ನಾಗಿ ಕೂಡಿದೆ ಅಜ್ಜ, ಎಂದು ಡಾಕ್ಟರ್ ಸಮ್ರೀನ್ ಹೋದರು. ಎಚ್ಚರವಾದರೆ ಬಾಯಿಗೆ ಕೈ ಹಾಕ್ತಾಳೆ, ಮೊಣಕೈ ಮಡಿಸದ ಹಾಗೆ ರಟ್ಟು ಕಟ್ಬೇಕು, ಎನ್ನುತ್ತ ನರ್ಸಮ್ಮ ವಾರ್ಡಿನ ಹಾಸಿಗೆಯ ಮೇಲೆ ಪ್ಲಾಸ್ಟರಿನ ಸುರುಳಿ ಇಟ್ಟರು, ಕತ್ತರಿಯನ್ನು ಸೊಸೆಯ ಕೈಗೆ ಕೊಟ್ಟರು, ನಾಲ್ಕು ತುಂಡು ಕತ್ತರಿಸಮ್ಮ, ರಟ್ಟು ತರ್ತೀನಿ. ಚಿಕ್ಕತಾಯಿ ಪ್ಲಾಸ್ಟರನ್ನು ಎಳೆದು ಹಿಡಿದಳು, ಕತ್ತರಿ ಬಾಯಿ ತೆರೆಯಿತು, ನಿಂತಿತು. ಮಾವ, ನಾನ್ ಕುಯ್ಬೋದಾ? ಕುಯ್ಯವ್ವ ಎಂದರೆ ಮುಗಿಯುತ್ತಿತ್ತು, ಆದರೆ ನಾಲಿಗೆ ಹೇಗೋ ಸಡಿಲವಾಯಿತು, ನಿನ್ನಿಂದ ಆಗಿದ್ದಲ್ಲ ಕಣವ್ವ, ಗ್ರಾಣಕ್ಕಿಂತ ಎಷ್ಟೋ ಮುಂಚೇನೇ ಆಗೋಗಿತ್ತು, ಏಳ್ನೇ ವಾರ್ದಲ್ಲೇ, ಅವತ್ತು ನೀ ಕರ್ದಾಗ ನಾನ್ ಏಳ್ಬೇಕಿತ್ತು, ಏಳ್ನಿಲ್ಲ. ಅವಳ ಮುಖದಲ್ಲಿ ಏನೋ ಬಿಚ್ಚಿಕೊಳ್ಳುತ್ತ ಬಂತು, ಹಣೆ, ಕೆನ್ನೆ, ಇನ್ನೇನು ತುಟಿ, ಅಷ್ಟರಲ್ಲಿ, ಯಾರ್ ಯೋಳುದ್ರು ಮಾವ? ಡಾಕ್ಟ್ರವ್ವ. ಇವತ್ತಾ? ಸುಳ್ಳು ಹೇಳಬಹುದಿತ್ತು. ತುಟಿಗೆ ಒಲಿಗೆ ಆಕುದ್ ದಿನ, ಅಂದೆ. ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದರು, ಮಗು ಮುಲುಗಿತು, ಮಧ್ಯಾಹ್ನದ ಬಸ್ಸಿಗೆ ಮಗ ನಾಗರಾಜು ಬರುತ್ತಾನೆ, ಗಂಜಿ ಸೋಸಿ ತನ್ನಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ, ಕತ್ತರಿ ಇನ್ನೂ ತೆರೆದೇ ಇದೆ, ಅವಳು ಅಂದಿನಿಂದ ತಿಂಗಳು ಎಣಿಸುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಆರು, ಏಳು, ನರ್ಸಮ್ಮ ರಟ್ಟು ಹಿಡಿದುಕೊಂಡು ಬಂದರು, ಆಯ್ತೇನಮ್ಮ, ಎರಡು ಅಲಗು, ನಡುವೆ ಬಿಳಿಯ ಪ್ಲಾಸ್ಟರು, ಎಂಟು, ಕತ್ತರಿ ತೆರೆದೇ ಇದೆ, ಒಂಬತ್ತು, ತೆರೆದೇ