ಹಿಡಿಗೆ ಕಟ್ಟಿದ ಕಂಬಳಿ

“ತಲೆ ಕಡೆ ಎತ್ತಿ ಹಿಡೀರೋ,” ಎಂದು ಊರ ಹಿರಿಯ ಕೆರಿಯಪ್ಪ ಹೇಳಿದ. ನಾಲ್ವರು ಮೊಣಕಾಲುದ್ದ ನೀರಿಗಿಳಿದು ಗುತ್ಯಪ್ಪನ ಚಟ್ಟವನ್ನು ಲಾಂಚಿಗೆ ಏರಿಸಿದರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರು ನುಂಗಿದ ಮೇಲೆ ಮನೆಗಳು ಈಚೆ ದಡಕ್ಕೆ ಬಂದಿದ್ದವು. ಸುಡುಗಾಡು ಮಾತ್ರ ಆಚೆ ಗುಡ್ಡದಲ್ಲೇ ಉಳಿದಿತ್ತು. ಬದುಕಿದ್ದವರಿಗೆ ಜಾಗ ಹುಡುಕುವಷ್ಟರಲ್ಲೇ ಸಾಕಾಗಿತ್ತು, ಇನ್ನು ಸತ್ತವರ ಗೊಡವೆ ಯಾರಿಗೆ?

ಗುತ್ಯಪ್ಪನ ತಂಗಿ ಹಾಲಮ್ಮ ಬಂದಿದ್ದಳು, ಆದರೆ ಅಣ್ಣನ ಬಾಯಿಗೆ ನೀರು ಬಿಟ್ಟಿರಲಿಲ್ಲ. ಅಂಗಳದಲ್ಲಿ ಅವನ ಹೆಂಡತಿ ಮಾಸ್ತಮ್ಮ ತಂಬಿಗೆ ಚಾಚಿದಾಗ, “ನನ್ ಗಂಡಂಗೆ ಯಾರು ನೀರ್ ಬಿಟ್ರು ಅತ್ಗೆ?” ಎಂದು ಮುಖ ತಿರುಗಿಸಿದ್ದಳು. ಒಡಹುಟ್ಟಿದವಳ ನೀರಿಲ್ಲದೆ ಗಂಡ ಬೆಂಕಿಗೆ ಹೋಗಬೇಕಲ್ಲ ಎಂದು ಮಾಸ್ತಮ್ಮನಿಗೆ ಸಾವಿಗಿಂತ ದೊಡ್ಡ ಸಂಕಟವಾಗಿತ್ತು. ಈಗ ಹಾಲಮ್ಮ ಲಾಂಚಿನ ಮೂಲೆಯಲ್ಲಿ ಬೆನ್ನು ಮಾಡಿ ಕೂತಿದ್ದಳು.

ಕೆರಿಯಪ್ಪನ ಕಣ್ಣು ಡ್ರೈವರ್ ಶ್ಯಾಮನ ಮುಂದಿದ್ದ, ಲಾಂಚು ನಡೆಸುವ ಹಿಡಿಯೊಂದರ ಮೇಲೆ ಬಿತ್ತು. ಅದಕ್ಕೆ ಸುತ್ತಿದ್ದ ಕಂಬಳಿ ಚೂರು ಗುತ್ಯಪ್ಪ ಕಟ್ಟಿದ್ದು. ಸತ್ತವರು ಕಟ್ಟಿದ ತಾಯಿತ ಸತ್ತವರ ಜೊತೆಗೇ ಹೋಗಬೇಕು ಎಂದ. ಶ್ಯಾಮ ಏನೋ ಹೇಳಹೊರಟು, ಹಿರಿಯರ ಮಾತು ಮೀರಲಾಗದೆ, ಚೂರನ್ನು ಬಿಚ್ಚಿ ಹೆಣದ ಎದೆಯ ಮೇಲಿಟ್ಟ.

*

ಎರಡು ವರ್ಷದ ಹಿಂದೆ ಈ ಲಾಂಚು ನಡೆಸುತ್ತಿದ್ದವನು ಗುತ್ಯಪ್ಪನೇ. ಮುಂದೆ ನಿಂತು ದಡಕ್ಕೆ ಹಗ್ಗ ಎಸೆಯುತ್ತಿದ್ದವನು ಹಾಲಮ್ಮನ ಗಂಡ ಸುಬ್ಬಪ್ಪ. ಡ್ರೈವರನ ಕೈಗೆ ಎರಡು ಹಿಡಿ, ಎರಡರ ತುದಿಗೂ ಒಂದೇ ಗಾತ್ರದ ಕರೀ ಗುಂಡು. ಒಂದನ್ನು ಎಳೆದರೆ ಲಾಂಚು ಹಿಂದಕ್ಕೆ ಸರಿದು ನಿಲ್ಲುತ್ತದೆ. ಪಕ್ಕದ್ದನ್ನು ಎಳೆದರೆ ಮುಂದಕ್ಕೆ ಓಡುತ್ತದೆ. ಅವತ್ತು ದಡ ಹತ್ತಿರವಾದಾಗ ನಿಲ್ಲಿಸಲೆಂದು ಗುತ್ಯಪ್ಪ ಒಂದನ್ನು ಎಳೆದ. ಲಾಂಚು ಮುಂದಕ್ಕೆ ನೆಗೆದು, ನೀರಲ್ಲಿ ಮುಳುಗಿದ್ದ ಮರದ ಬೊಡ್ಡೆಗೆ ಬಡಿಯಿತು. ಸುಬ್ಬಪ್ಪ ಲಾಂಚಿಗೂ ಬೊಡ್ಡೆಗೂ ನಡುವೆ ಬಿದ್ದು ಸತ್ತ.

ಇಲಾಖೆಯ ಸಾಹೇಬರು ಬಂದು, ಮಷೀನು ಸರಿಯಾಗಿದೆ, ತಪ್ಪು ಡ್ರೈವರನದೇ ಎಂದರು. ಎರಡು ಗುಂಡೂ ಒಂದೇ ಥರ ಇವೆಯಲ್ಲ ಎಂದು ಗುತ್ಯಪ್ಪ ಒಮ್ಮೆ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಕ್ಕರು. ನೆಲ ಡೊಂಕಿದೆಯೇ ಎಂದು ಬಗ್ಗಿ ನೋಡಿದವರಿಲ್ಲ.

“ಆಯ್ತು, ತಪ್ಪಿದ ಕೈ ನಂದೇ,” ಎಂದು ಒಪ್ಪಿಕೊಂಡು, ಡ್ರೈವರ್ ಕೆಲಸ ಶ್ಯಾಮನಿಗೆ ಬಿಟ್ಟು ಅವನು ಭಾವನ ಜಾಗದಲ್ಲಿ ಹಗ್ಗ ಎಸೆಯಲು ನಿಂತ. ಹಳೇ ಕಂಬಳಿ ಹರಿದು ಒಂದು ಹಿಡಿಗೆ ಕಟ್ಟಿದ. ಭಾವನ ದೆವ್ವಕ್ಕೆ ಹೆದರಿ ತಾಯಿತ ಕಟ್ಟಿದ್ದಾನೆ ಎಂದು ಊರು ಆಡಿಕೊಂಡಿತು. ತಂಗಿಗಾದರೂ ಹೇಳೋಣವೆಂದು ಹೋದರೆ ಅವಳು ಬಾಗಿಲು ತೆಗೆಯಲಿಲ್ಲ.

*

ಆಚೆ ದಡ ಹತ್ತಿರವಾಯಿತು. ಶ್ಯಾಮ ದಡದ ಮೇಲೆ ಕಣ್ಣಿಟ್ಟು ನಿಲ್ಲಿಸಲು ಹಿಡಿ ಎಳೆದ. ಲಾಂಚು ಮುಂದಕ್ಕೆ ನೆಗೆಯಿತು. ಚಟ್ಟ ಜಾರಿತು, ಹಾಲಮ್ಮ ಯೋಚಿಸುವ ಮೊದಲೇ ಅಣ್ಣನನ್ನು ತಬ್ಬಿ ಹಿಡಿದಿದ್ದಳು. ಪುಣ್ಯಕ್ಕೆ ಎದುರಿಗೆ ಬರೀ ಕೆಸರಿತ್ತು.

ಶ್ಯಾಮ ಎರಡೂ ಹಿಡಿ ಬಿಟ್ಟು ಹಿಂದೆ ತಿರುಗಿದ. “ಕೈ ತಪ್ತು ಅಕ್ಕ. ಕಂಬ್ಳಿ ಇದ್ದಿದ್ರೆ ತಪ್ತಿರ್ಲಿಲ್ಲ.”

“ಅದು ತಾಯಿತ ಅಲ್ಲೇನೋ?” ಎಂದಳು ಹಾಲಮ್ಮ.

“ಅಲ್ಲ. ನೋಡ್ದೆ ಇದ್ರೂ ನಿಲ್ಸೋ ಹಿಡಿ ಯಾವ್ದಂತ ಕೈಗೆ ಗೊತ್ತಾಗ್ಲಿ ಅಂತ ಗುತ್ಯಣ್ಣ ಕಟ್ಟಿದ್ದು.”

ಹಾಲಮ್ಮ ಎದ್ದು ಬಂದು, ಕಣ್ಣು ಮುಚ್ಚಿ, ಒಂದು ಗುಂಡು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು, ಮತ್ತೆ ಮೊದಲಿನದನ್ನು. ತಪ್ಪು ಕೈಯದೋ ಗುಂಡಿನದೋ ಅವಳಿಗೆ ತಿಳಿಯಲಿಲ್ಲ. ತಾನು ಅಣ್ಣನಿಗೆ ತೆಗೆಯದ ಬಾಗಿಲು ಮಾತ್ರ ನೆನಪಾಯಿತು.

ಅಣ್ಣನ ಎದೆಯ ಮೇಲಿನ ಚೂರನ್ನು ಎತ್ತಿಕೊಂಡಳು. ಹೆಣದ ಮೇಲಿಟ್ಟದ್ದನ್ನು ತೆಗೆಯಬಾರದು ಎಂದು ಕೆರಿಯಪ್ಪ ತಡೆದ.

“ನಾವು ವಾಪಸ್ ಹೋಗ್ಬೇಕಲ್ಲ ಕೆರಿಯಣ್ಣ,” ಎಂದಳು.

ಯಾವುದಕ್ಕೆ ಎಂದು ಶ್ಯಾಮನನ್ನು ಕೇಳಿ, ನಿಲ್ಲಿಸುವ ಹಿಡಿಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಮಾಸ್ತಮ್ಮ ತಂಬಿಗೆಗಾಗಿ ತಡಕಾಡುವಷ್ಟರಲ್ಲಿ ಹಾಲಮ್ಮ ಲಾಂಚಿನಿಂದ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ, ಅಣ್ಣನ ತುಟಿಯ ನಡುವೆ ಬಿಟ್ಟಳು. ಅವಳ ಒದ್ದೆ ಬೆರಳಿಗೆ ಕಂಬಳಿಯ ಒಂದು ಕರೀ ಎಳೆ ಅಂಟಿಕೊಂಡಿತ್ತು.