ಒಂದನೇ ಕೋಣೆಯ ಬಾಗಿಲು

ನಬಿಸಾಬರ ಕೆಲಸ ಹೋದದ್ದು ನನ್ನ ಹಾಳು ಬಾಯಿಯಿಂದ. ಕಮಲಾಪುರದಲ್ಲಿ ಇಕ್ಬಾಲ್ ಬೇಗಂ ಅವರದು ಕೆಂಪು ಬಾಳೆ ಮಾಗಿಸುವ ನಾಲ್ಕು ಕೋಣೆಗಳಿವೆ. ಶಾಖ ಏರಿದರೆ ಯಂತ್ರವು ಕಾವಲುಗಾರ ನಬಿಸಾಬರ ಮೊಬೈಲಿಗೆ ಕೋಣೆಯ ನಂಬರು ಕಳಿಸಬೇಕು, ಅವರು ಅದೊಂದನ್ನೇ ತೆರೆಯಬೇಕು. ಆ ಯಂತ್ರದ ಪ್ರೋಗ್ರಾಮು ನಾನೇ ಬರೆದದ್ದು.

ಹೋದ ವಾರ ಮೂರನೇ ಕೋಣೆಯ ಶಾಖ ಏರಿತು, ಇವರು ಒಂದನೆಯದನ್ನು ತೆರೆದರು. ಮೂರರ ಹಣ್ಣೆಲ್ಲ ಕೊಳೆತವು.

"ಮೆಸೇಜಿನ್ಯಾಗ ಒಂದಂತ ಬಂದಿತ್ರಿ," ಎಂದರು. ತೋರಿಸಿ ಎಂದರೆ, ಸಣ್ಣ ಮೊಬೈಲಿನಲ್ಲಿ ಜಾಗವಿಲ್ಲವೆಂದು ಅಳಿಸಿಬಿಟ್ಟಿದ್ದರು. ನಾನು ಯಂತ್ರದ ದಾಖಲೆಯನ್ನು ಬೇಗಂ ಅವರ ಮುಂದೆ ಹಿಡಿದೆ: ಕೋಣೆ ಮೂರು. "ಯಂತ್ರ ಸುಳ್ಳ ಹೇಳಂಗಿಲ್ರಿ," ಎಂದೆ, ದೊಡ್ಡ ಶಾಣ್ಯಾಕಿಯ ಹಾಗೆ. ಬೇಗಂ ಅಂದೇ ಅವರಿಂದ ಕೀಲಿಕೈ ಇಸಿದುಕೊಂಡರು.

ಕುಸನೂರಿನ ನನ್ನ ಆಫೀಸಿಗೆ ಬಂದರೂ ಜೀವಕ್ಕೆ ಸಮಾಧಾನವಿಲ್ಲ. ಎದ್ದೆ, ಕೂತೆ, ಚಹಾ ಕುಡಿದೆ, ಮತ್ತೆ ಎದ್ದೆ. ಆ ಮನುಷ್ಯ ಸುಳ್ಳು ಯಾಕೆ ಹೇಳಿಯಾರು? ಕೊನೆಗೆ ಅಂಥದೇ ಇನ್ನೊಂದು ಯಂತ್ರಕ್ಕೆ ನನ್ನ ಮೊಬೈಲು ಜೋಡಿಸಿ, ಮೂರನೇ ಕೋಣೆಯ ಹೆಸರಿನಲ್ಲಿ ಒಂದು ಮೆಸೇಜು ಕಳಿಸಿ ನೋಡಿದೆ. ದಾಖಲೆಯಲ್ಲಿ ಕೋಣೆ ಮೂರು. ಮೊಬೈಲಿನಲ್ಲಿ ಕೋಣೆ ಒಂದು.

ಪ್ರೋಗ್ರಾಮು ತೆರೆದು ಸಾಲುಸಾಲಾಗಿ ಓದಿದೆ. ಯಂತ್ರ ಒಂದು ದೋಷಕ್ಕೆ ಕೋಣೆ, ಶಾಖ ಎಂದು ಎರಡು ವಿವರದ ಪಟ್ಟಿ ಕೊಡುತ್ತದೆ, ಇನ್ನೊಂದಕ್ಕೆ ಐದರದು. ಎಷ್ಟಿದ್ದರೂ ಸಿ ಭಾಷೆಯಲ್ಲಿ ನಾನು ಬರೆದ ಫಂಕ್ಷನ್ ಗೊನೆಯಿಂದ ಹಣ್ಣು ಕಿತ್ತ ಹಾಗೆ ಪಟ್ಟಿಯಿಂದ ಒಂದೊಂದನ್ನೇ ಕೀಳುತ್ತದೆ. ದಾಖಲೆಗೆಂದು ಕಿತ್ತು ಮುಗಿಸಿದ ಪಟ್ಟಿಗೇ ಮೊಬೈಲಿಗಾಗಿ ಮತ್ತೆ ಕೈ ಹಾಕಿದ್ದೆ. ಸಿಕ್ಕಿದ್ದು ಕಸ, ಅದೇ "ಒಂದು" ಎಂದು ಹೋಗಿತ್ತು. ಮೊದಲೇ ಪಟ್ಟಿಯದೊಂದು ನಕಲು ತೆಗೆದಿಡಬೇಕಿತ್ತು, ಒಂದೇ ಸಾಲಿನ ಕೆಲಸ. ಮೊದಲು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ದಾಖಲೆಗೂ ಮೊಬೈಲಿಗೂ ಸರಿಯಾಗಿ ಬಂದಿತ್ತೆಂದು ಬೀಗಿದವಳು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಸಾಲು ಸೇರಿಸಿ ಕಮಲಾಪುರದ ಬಸ್ಸು ಹತ್ತಿದೆ. ಅದು ಸ್ಟಾಪಿಗೊಮ್ಮೆ ನಿಂತಾಗಲೆಲ್ಲ ಡ್ರೈವರನನ್ನು ಮನಸ್ಸಿನಲ್ಲೇ ಬೈದೆ. ಇಳಿದವಳೇ ನಬಿಸಾಬರನ್ನು ಮನೆಯಿಂದ ಕರೆದುಕೊಂಡು ಬೇಗಂ ಅವರ ಎದುರು ನಿಂತೆ.

"ತಪ್ಪು ನಂದರಿ. ಇವರಿಗಿ ಒಂದಂತನ ಬಂದಿತ್ತು. ಖರೇನ ಹೇಳಿದ್ರು."

"ಅವತ್ತ ಎಷ್ಟ್ ಜೋರಿಲೆ ಹೇಳಿದ್ದಿ, ಮಂಜುಷಾ," ಎಂದರು ಬೇಗಂ. ಕೀಲಿಕೈ ತಂದು ನಬಿಸಾಬರ ಮುಂದಿಟ್ಟರು. ಅವರು ಮುಟ್ಟಲಿಲ್ಲ.

"ಮೊದಲ ಒಂದ್ ಮೆಸೇಜ್ ಕಳಸ್ರಿ, ಅಕ್ಕಾರ."

ಯಂತ್ರಕ್ಕೆ ತಿದ್ದಿದ ಪ್ರೋಗ್ರಾಮು ಹಾಕಿ, ಮೂರನೇ ಕೋಣೆಯ ಹೆಸರಿನಲ್ಲಿ ಪರೀಕ್ಷೆಗೆ ಒಂದು ಕಳಿಸಿದೆ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು: "ಕೋಣೆ ಮೂರು." ಆಮೇಲೆ ಕೀಲಿಕೈ ಎತ್ತಿಕೊಂಡರು.

"ಇದನ್ನ ಅಳಸಂಗಿಲ್ರಿ," ಎಂದರು. "ಇನ್ ಮ್ಯಾಲ ನಿಮ್ದು ಯಾವುದೂ ಅಳಸಂಗಿಲ್ಲ."